ತಡವಾಗಿ ಬರುವ ಆಮೆನ್

ನನ್ನ ಗಂಡ ಲ್ಯಾನ್ಸಿ ತೀರಿಕೊಂಡ ಮೂವತ್ತನೆಯ ದಿನ ಹಾನುಬಾಳಿನ ನಮ್ಮ ಮನೆಯಲ್ಲಿ ಮಣಿಗೊಂದು ಪ್ರಾರ್ಥನೆ ಹೇಳುವ ಜಪಸರವಿತ್ತು. ಸಂಜೆ ಐದು ಗಂಟೆ, ಇನ್ನೂ ಬೆಳಕಿತ್ತು. ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲದ ನನಗೆ ಪ್ರಾರ್ಥನೆ ಬೇಗ ಮುಗಿದರೆ ಸಾಕಾಗಿತ್ತು.

ಲ್ಯಾನ್ಸಿ ಯಾವಾಗಲೂ ಎಲ್ಲರಿಗಿಂತ ಒಂದು ಉಸಿರು ತಡವಾಗಿ ಆಮೆನ್ ಹೇಳುತ್ತಿದ್ದ. ಜಪಸರ ನಡೆಸುವ ಪಕ್ಕದ ಮನೆಯ ಸಿಸಿಲಿಯಕ್ಕ, "ನಿನ್ ಆಮೆನ್ ಮುಂದಿನ ಬಸ್ಸಿಗೆ ಬರ್ತೈತೇನೋ ಮಾರಾಯ?" ಎಂದು ರೇಗಿಸುತ್ತಿದ್ದರು.

ಅಂದು ಮೊದಲ ಮಣಿಗೇ ಆ ತಡವಾದ ಆಮೆನ್ ಬಂತು. ಎಲ್ಲರದೂ ಮುಗಿದ ಮೇಲೆ, ಬಾಗಿಲ ಪಕ್ಕ ಅವನು ಕೂರುತ್ತಿದ್ದ ಮೂಲೆಯಿಂದ. ಯಾರೂ ತಲೆ ಎತ್ತಲಿಲ್ಲ. ಆದರೆ ಸಿಸಿಲಿಯಕ್ಕ ಪ್ರತಿ ಸಲವೂ ಅದು ಮುಗಿಯುವವರೆಗೆ ಕಾದು, ಆಮೇಲೆ ಮುಂದಿನ ಮಣಿಗೆ ಬೆರಳು ಸರಿಸಿದರು. ನನ್ನ ಕೈಯೊಳಗಿನ ಮಣಿಗಳು ಎಷ್ಟು ಹೊತ್ತು ಹಿಡಿದರೂ ಬೆಚ್ಚಗಾಗಲಿಲ್ಲ.

ಕೊನೆಗೆ ಸತ್ತವರಿಗೆ ನಿತ್ಯ ವಿಶ್ರಾಂತಿ ಬೇಡುವ ಪ್ರಾರ್ಥನೆ ಉಳಿಯಿತು. ಅದನ್ನು ನಾನೇ ಹೇಳಬೇಕೆಂದು ಸಿಸಿಲಿಯಕ್ಕ ಅಂದರು. ಹೇಳಿದರೆ ಆ ದನಿಯೂ ಹೋಗಿಬಿಡುತ್ತದೆ ಎನ್ನಿಸಿ ಮತ್ತೆ ಮೊದಲ ಮಣಿಗೆ ಬೆರಳು ಸರಿಸಿದೆ.

ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಹೇಳ್ಬುಡು ಮಗ. ಅವ್ನೂ ಸುಸ್ತಾಗವ್ನೆ."

ಹೇಳಿದೆ. ಎಲ್ಲರೂ ಆಮೆನ್ ಅಂದರು. ಸಿಸಿಲಿಯಕ್ಕ ಕಾದರು, ನಾನೂ ಕಾದೆ. ಮೂಲೆಯಿಂದ ಏನೂ ಬರಲಿಲ್ಲ. ಮುಗಿಯಿತು ಎಂದುಕೊಂಡು ಅಂದು ರಾತ್ರಿ ಸ್ವಲ್ಪ ನಿದ್ದೆ ಮಾಡಿದೆ.

ಮರುದಿನ ಸಂಜೆ ಒಬ್ಬಳೇ ಕುಳಿತು ಜಪಸರದ ಒಂದು ಮಣಿ ಹಿಡಿದು ನಮೋ ಮರಿಯಾ ಪ್ರಾರ್ಥನೆ ಹೇಳಿದೆ. ನನ್ನ ಆಮೆನ್ ಮುಗಿದು ಒಂದು ಉಸಿರಾದ ಮೇಲೆ ಅವನದು ಬಂತು. ತಕ್ಷಣ ನಿತ್ಯ ವಿಶ್ರಾಂತಿಯ ಪ್ರಾರ್ಥನೆಯನ್ನೂ ಹೇಳಿ ಕಾದೆ. ಆಮೇಲೂ ದಿನಾ ಹೇಳಿ ಕಾಯುತ್ತಿದ್ದೇನೆ. ಅದೊಂದಕ್ಕೆ ಮಾತ್ರ ಅವನು ಇವತ್ತಿನವರೆಗೂ ಆಮೆನ್ ಅಂದಿಲ್ಲ.