ಹೋಗು ಅಂದೆ, ಹೋದ

ಕೇಳ್ರೀ, ನಂಬ್ತೀರೋ ಬಿಡ್ತೀರೋ, ಇವತ್ತು ಬೆಳಗ್ಗೆವರೆಗೂ ನಮ್ಮಣ್ಣ ಕುದುರೆ! ಈಗ ತಾನೇ ಎರಡು ಕಾಲ ಮೇಲೆ ಎದ್ದು ನಿಂತ, ನನ್ನ ಕಣ್ಣೆದುರಿಗೇ! ತಡೀರಿ, ಮೊದಲಿಂದ ಹೇಳ್ತೀನಿ.

ಗೊರಸುಗಿರಿ ಅಂತ ನಮ್ಮ ರಾಜ್ಯ. ಅಲ್ಲಿಗೆ ಕಾಳಕಂಠ ಅನ್ನೋ ಮಂತ್ರವಾದಿ ಬಂದ. ಊರಿನ ಗಂಡಸರ ಬಾಯಿಗೆಲ್ಲ ಕರೀ ಕಡಿವಾಣ ಹಾಕಿದ, ಎಲ್ಲರೂ ಕುದುರೆಗಳಾದ್ರು. ರಾಜನೂ ಆದ. ನಮ್ಮ ಬೊಮ್ಮಣ್ಣನೂ ಆದ. ಅಪ್ಪ ಅವ್ವ ಇಲ್ದಿರೋ ನನ್ನನ್ನ ಉಪ್ಪುಮೂಟೆ ಹೊತ್ತು ಸಾಕಿದ ಅಣ್ಣ ರೀ ಅವನು! ನಾನು ಆಟಕ್ಕೆ ಹೊರಡುವಾಗ "ಹೋಗ್ತೀನಿ" ಅಂದ್ರೆ ಸಾಕು, "ಹಂಗನ್ಬಾರ್ದು ಹೊನ್ನಾ, ಬರ್ತೀನಿ ಅನ್ನು" ಅಂತ ತಲೆಗೊಂದು ಮೊಟಕ್ತಿದ್ದ.

ನಾನು ಲಾಯಕ್ಕೆ ಓಡಿದೆ. ಕಾಳಕಂಠ ಹುರುಳಿ ಮೂಟೆ ಮೇಲೆ ಕೂತಿದ್ದ.

"ಮೂರು ಕೆಲಸ ಕಣೋ. ನಿಮ್ಮಣ್ಣ ತಾನಾಗೇ ನಿನ್ನ ಹತ್ರ ಬರ್ಬೇಕು. ತಾನಾಗೇ ಕಾಲು ಕೊಡ್ಬೇಕು. ಆಮೇಲೆ ನೀನು ಕಡಿವಾಣ ಬಿಚ್ಚಿ ಕಳಿಸ್ಬೇಕು. ಗೆದ್ರೆ ನನ್ನ ಮಾಯೆ ಮುಗೀತು. ಸೋತ್ರೆ ನೀನೂ ಕುದುರೆ."

"ಇಷ್ಟೇನಾ?" ಅಂದೆ. ಬಾಯಿ ನೋಡಿ ನಂದು!

"ಅಣ್ಣಾ! ಅಣ್ಣಾ!" ಅಂತ ಕೂಗ್ಕೊಂಡು ನುಗ್ಗಿದೆ. ಅಣ್ಣ ಬೆದರಿ ಗೋಡೆಗೆ ಅಂಟ್ಕೊಂಡ. ಪಕ್ಕದಲ್ಲಿದ್ದ ಮುದಿ ಹೆಣ್ಣು ಕುದುರೆ ಮಾತಾಡ್ತು. "ಲೇ ವಟವಟ, ಬಾಯಿ ಮುಚ್ಚು. ನಿನ್ನೆದೆ ಡವಡವ ಅನ್ನೋದು ಅವನಿಗೂ ಕೇಳತ್ತೆ. ಅದು ನಿಲ್ಲೋವರೆಗೂ ಸುಮ್ನೆ ಕೂತ್ಕೋ."

ನಾನು! ಸುಮ್ನೆ! ಕೂತೆ ರೀ. ಹಗಲೆಲ್ಲ ಕೂತೆ. ಬಿಸಿಲು ಇಳಿಯೋ ಹೊತ್ತಿಗೆ ಕುತ್ತಿಗೆ ಮೇಲೆ ಬಿಸಿ ಉಸಿರು. ಅಣ್ಣ ಬಂದಿದ್ದ.

ಎರಡನೇದು. ಕಾಲು ಹಿಡಿದು ಎಳೆದೆ, ಒದ್ದ. ಮತ್ತೆ ಎಳೆದೆ, ಮತ್ತೆ ಒದ್ದ. ಸಿಟ್ಟು ಬಂದು ಕೈ ಎತ್ತಿದೆ.

"ಹೊಡಿ, ಹೊಡಿ," ಅಂತು ಮುದುಕಿ. "ಆಮೇಲೆ ಒಂದು ವರ್ಷ ಇಲ್ಲೇ ಲದ್ದಿ ಬಾಚು. ಕಾಲು ಅವನದು ಕಣೋ. ಕೇಳು, ಎಳೀಬೇಡ."

ಹೆಗಲಿಂದ ಗೊರಸಿನವರೆಗೂ ಮೆಲ್ಲಗೆ ಕೈ ಸವರ್ದೆ, ಕಾದೆ. ಕಾಲು ಎತ್ತಿ ನನ್ನ ಕೈಗೇ ಇಟ್ಟ! ಗೊರಸಲ್ಲಿ ಕಲ್ಲು ಸಿಕ್ಕಿತ್ತು ಪಾಪ, ಅದಕ್ಕೇ ಒದೀತಿದ್ದ. ತೆಗೆದೆ.

ಇವತ್ತು ಬೆಳಗ್ಗೆ ಮೂರನೇದು ಬಂತು. ಕಾಳಕಂಠ ನಗ್ತಾ ಬಾಗಿಲು ತೆಗೆದ. "ಕಡಿವಾಣ ಬಿಚ್ಚಿ 'ಹೋಗು' ಅನ್ನು. ಬರೀ 'ಹೋಗು'. ಮನುಷ್ಯ ಆಗ್ತಾನೆ, ಆದ್ರೆ ಅವನಿಗೆ ನಿನ್ನ ನೆನಪೂ ಹೋಗತ್ತೆ. 'ಹೋಗ್ಬಾ' ಅಂದ್ರೆ ವಾಪಸ್ ಬರ್ತಾನೆ, ಕುದುರೆಯಾಗೇ. ನೀನೂ ಅವನ ಪಕ್ಕದಲ್ಲೇ ಹುರುಳಿ ತಿನ್ನು."

ನಾನು ಮುದುಕಿ ಮುಖ ನೋಡಿದೆ.

"ನಾನು ನನ್ನ ಮಗನಿಗೆ ಹೋಗ್ಬಾ ಅಂದೆ," ಅಂತು. "ಆಚೆ ಕಟ್ಟಿದಾರಲ್ಲ, ಬಿಳೀದು, ಅವನೇ."

"ತಪ್ಪಾಯ್ತಾ ಅಜ್ಜಿ?"

ಅದು ಮಗನ ಕಡೆ ತಿರುಗ್ತು.

ಕಡಿವಾಣ ಬಿಚ್ಚಿದೆ. ಅಣ್ಣನ ಬಾಯಿ ಎರಡೂ ಕಡೆ ಹುಣ್ಣಾಗಿತ್ತು, ರಕ್ತ ಜಿನುಗ್ತಿತ್ತು. ನನ್ನ ಹೆಗಲಿಗೆ ಮೂತಿ ಒರೆಸಿದ. ನನ್ನ ನಾಲಿಗೆ ತುದೀಲಿ 'ಬಾ' ಬಂದಿತ್ತು ರೀ, ನಿಜವಾಗ್ಲೂ. ಹಲ್ಲು ಕಚ್ಚಿದೆ.

"ಹೋಗು" ಅಂದೆ.

ಅಷ್ಟೇ! ಕಾಳಕಂಠ ಹೊಟ್ಟಾಗಿ ಗಾಳೀಲಿ ಹಾರಿಹೋದ. ಕಡಿವಾಣಗಳೆಲ್ಲ ಕಳಚಿಬಿದ್ವು, ಲಾಯದ ತುಂಬ ಮನುಷ್ಯರು! ರಾಜ ಮೈಗಂಟಿದ ಹುಲ್ಲು ಕೊಡವ್ಕೊಂಡು "ಊರಿಗೆಲ್ಲ ಹೋಳಿಗೆ!" ಅಂತ ಕೂಗಿದ. ಮುದುಕಿ ಮಗ "ಅವ್ವಾ" ಅಂತ ತಬ್ಕೊಂಡ. ಅವಳು 'ಹೋಗು' ಅಂದಿರಲಿಲ್ಲವಲ್ಲ, ಅವನಿಗೆಲ್ಲ ನೆನಪಿತ್ತು. ಇನ್ಮೇಲೆ ಊರೆಲ್ಲ ಸುಖವಾಗಿರತ್ತೆ ಬಿಡಿ. ಇನ್ಯಾಕಿರಲ್ಲ?

ನಮ್ಮಣ್ಣ ಬಾಗಿಲಲ್ಲಿ ನಿಂತು ಬಾಯಿ ಮುಟ್ಕೊಂಡ. ನನ್ನ ನೋಡ್ದ.

"ಯಾಕಪ್ಪಾ ಅಳ್ತಿದೀಯಾ? ನಿಮ್ಮನೆಯವರು ಸಿಗಲಿಲ್ವಾ?"

"ಸಿಕ್ಕಿದ್ರು" ಅಂದೆ.

"ಒಳ್ಳೇದಾಯ್ತು," ಅಂತ ನನ್ನ ತಲೆ ಸವರಿದ. "ಬರ್ತೀನಪ್ಪಾ."

ಹೋದ.

ನೀವೇ ಹೇಳಿ, ಆ ಬಾಗಿಲಲ್ಲಿ ನೀವು ನಿಂತಿದ್ರೆ ಏನಂತಿದ್ರಿ? ಹೋಗು ಅಂತಿದ್ರಾ, ಹೋಗ್ಬಾ ಅಂತಿದ್ರಾ?