ಬಟಾಣಿ ಮೀನು, ಬಂಗಾರದ ತಕ್ಕಡಿ

"ದನಕ್ಕೋ, ಆಡಿಗೋ?"

ತಲೆ ಎತ್ತದೆಯೇ ಕೇಳಿದಳು ವೈಶಾಲಿ. ಅಂಕೋಲೆಯಲ್ಲಿ ತನ್ನದೇ ಪುಟ್ಟ ಪಶು ಚಿಕಿತ್ಸಾಲಯ ತೆರೆದು ಐದು ತಿಂಗಳಾಗಿತ್ತು. ಜಂತಿನ ಔಷಧ ಕೇಳಿ ಬಂದವರಿಗೆಲ್ಲ ಅವಳ ಮೊದಲ ಪ್ರಶ್ನೆ ಇದೇ.

"ಎರಡೂ ಅಲ್ಲ ಡಾಕ್ಟ್ರೇ. ಮೀನಿಗೆ."

ಪೆನ್ನು ನಿಂತಿತು.

ಎದುರಿಗೆ ನಿಂತಿದ್ದವನು ಎತ್ತರದ ಆಳು. ಬಿಸಿಲಿಗೆ ಕಂದಿದ ಮುಖ. ಅಂಗಿಯ ತೋಳಿನ ಮೇಲೆ ಒಣಗಿದ ಉಪ್ಪುನೀರಿನ ಬಿಳಿ ಗೆರೆ.

"ಯಾವೂರು ನಿಮ್ಮದು?"

"ಕೇಣಿ. ಸುಮಿತ ಅಂತ. ಅಪ್ಪಂದು ದೋಣಿ ಅದೆ."

"ಮೀನು ಹಿಡಿಯುವವರು ಮೀನಿಗೆ ಜಂತಿನ ಔಷಧ ಕೇಳ್ತಿದ್ದೀರಿ. ಸರಿ. ತೂಕ ಎಷ್ಟು ನಿಮ್ಮ ಮೀನಿಂದು?"

"ಒಂದು ಗ್ರಾಮು ಇದ್ದೀತು."

ಮೂಲೆಯಲ್ಲಿ ಹತ್ತಿ ಸುತ್ತುತ್ತಿದ್ದ ಜಟ್ಟಿ ಕಿಸಕ್ಕನೆ ನಕ್ಕ. ಐವತ್ತೈದು ದಾಟಿದ ಸಹಾಯಕ ಅವನು, ಊರಿನ ಎಲ್ಲ ಸುದ್ದಿಯೂ ಮೊದಲು ಅವನ ಕಿವಿಗೇ ಬೀಳಬೇಕು. ವೈಶಾಲಿಯ ಮುಖ ಬಿಸಿಯಾಯಿತು. ಹೊಸ ಡಾಕ್ಟರು, ಅದೂ ಹೆಣ್ಣುಮಗಳು ಎಂದರೆ ಎಲ್ಲರಿಗೂ ಒಂದು ಕೈ ನೋಡಿಬಿಡುವ ಚಪಲ. ಹೋದ ತಿಂಗಳು ಯಾರೋ ಫೋನು ಮಾಡಿ, ಹುಂಜಕ್ಕೆ ಹಲ್ಲುನೋವು ಎಂದಿದ್ದರು.

"ತಮಾಷೆ ಮಾಡೋದಾದರೆ ಹೊರಗೆ ಹೋಗಿ ಮಾಡಿ."

ಅವನು ಚೀಲದಿಂದ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಯೊಂದನ್ನು ತೆಗೆದು, ಹುಷಾರಾಗಿ ಮೇಜಿನ ಮೇಲಿಟ್ಟ.

ಒಳಗೆ ಹಸಿ ಬಟಾಣಿಯಷ್ಟೇ ಗಾತ್ರದ ಒಂದು ಮೀನು! ಹಸಿರು ಬೆನ್ನಿನ ಮೇಲೆ ಕಪ್ಪು ಚುಕ್ಕಿ. ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ ತಿರುಗಿ, ಕೊನೆಗೆ ಎರಡೂ ವೈಶಾಲಿಯ ಮೇಲೆ ನಿಂತವು. ಆದರೆ ಹೊಟ್ಟೆ? ಉರುಟಾಗಿರಬೇಕಾದ ಹೊಟ್ಟೆ ಒಳಗೆ ಸೇರಿಕೊಂಡಿತ್ತು.

"ಪಫರ್ ಮೀನು. ಸಿಹಿನೀರಿಂದು, ಸಾಕೂದು. ಆರಿದ್ವು, ಒಂದು ಹೋಯ್ತು. ಬಸವನಹುಳು ಹಾಕಿದ್ರೆ ಗಬಗಬ ತಿಂತಾವೆ. ಆದ್ರೆ ತಿಂದದ್ದು ಮೈಗೆ ಹತ್ತೂದಿಲ್ಲ. ದಾರದ ಹಾಗೆ ಬೆಳ್ಳಗೆ ಹೇಲ್ತಾವೆ."

ತಿಂದರೂ ಸೊರಗುವುದು... ಕರುವಾದರೇನು, ಮೀನಾದರೇನು! ವೈಶಾಲಿ ತನ್ನ ಸಿಟ್ಟನ್ನು ಮರೆತು ಬಾಟಲಿಯ ಹತ್ತಿರ ಮುಖ ತಂದಳು.

"ನೀವು ಯಾಕೆ ಸಾಕಿದಿರಿ ಇವನ್ನು?"

"ಇದರ ಸಮುದ್ರದ ಜಾತಿಯವು ಬಲೆಗೆ ಬಿದ್ರೆ ನಾವು ಕಾಲಲ್ಲಿ ಒದ್ದು ಎಸೀತೇವೆ. ವಿಷದ ಮೀನು, ಬಲೆ ಬೇರೆ ಕಚ್ತಾವೆ. ಒಂದಿನ ಕಾರವಾರದ ಅಕ್ವೇರಿಯಂ ಅಂಗಡೀಲಿ ಇವನ್ನ ಕಂಡೆ. ನನ್ನನ್ನೇ ನೋಡ್ತಾ ಇದ್ವು, ಮನುಷ್ಯರ ಹಾಗೆ. ಬಿಟ್ಟು ಬರೂಕೆ ಆಗಲಿಲ್ಲ."

'ಎಂಥಾ ಮನುಷ್ಯ ಇವನು?' ಎಂದುಕೊಂಡಳು ವೈಶಾಲಿ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಬೆಳೆದ ಹವ್ಯಕರ ಹುಡುಗಿ. ಮೀನಿನ ಪೇಟೆಯ ದಾರಿಯನ್ನೂ ತುಳಿದವಳಲ್ಲ.

"ನೋಡಿ, ಮೀನಿನ ವೈದ್ಯ ನನಗೆ ಗೊತ್ತಿಲ್ಲ. ಮೂರು ದಿನ ಕೊಡಿ, ಓದಿ ಹೇಳ್ತೇನೆ."

ಅವನ ಮುಖ ಅರಳಿತು. ಹಾಗೆ ಅರಳಬಾರದಿತ್ತು. ಗೊಂದಲ ಶುರುವಾದದ್ದೇ ಅಲ್ಲಿಂದ.

ಮೂರು ದಿನ ಅವಳು ಪುಸ್ತಕ ತಿರುವಿದಳು, ಮೀನುಗಾರಿಕೆ ಓದಿದ ಗೆಳತಿಗೆ ಫೋನು ಮಾಡಿದಳು. ಔಷಧ ಹೊಸದೇನಲ್ಲ, ಆಡುಗಳಿಗೆ ಕೊಡುವ ಲೆವಮಿಸೋಲ್ ಮಾತ್ರೆಯ ಪುಡಿ ಸಾಕು. ಆದರೆ ಅಳತೆ ಮೀನಿನ ತೂಕಕ್ಕಲ್ಲ, ತೊಟ್ಟಿಯ ನೀರಿಗೆ. ಹಾಕಿದ ಮೇಲೆ ಬೆಳಕು ತಾಗದಂತೆ ಒಂದು ದಿನ ಕಪ್ಪು ಬಟ್ಟೆ ಮುಚ್ಚಬೇಕು. ಆಮೇಲೆ ತಳದ ಕೊಳೆಯನ್ನೆಲ್ಲ ಪೈಪಿನಿಂದ ಎಳೆದು ನೀರು ಬದಲಿಸಬೇಕು. ಹದಿನಾಲ್ಕು ದಿನಕ್ಕೊಮ್ಮೆ, ಒಟ್ಟು ಮೂರು ಸಲ. ಒಂದು ಸಲ ತಪ್ಪಿದರೆ, ಮೊಟ್ಟೆಯಿಂದ ಹೊರಬಂದ ಜಂತುಗಳು ಮತ್ತೆ ಹೊಟ್ಟೆ ಸೇರುತ್ತವೆ.

"ಎಲ್ಲಾ ಸರಿ ಬಾಯೋರೇ," ಎಂದ ಜಟ್ಟಿ, "ಇಷ್ಟೇ ಇಷ್ಟು ಪುಡಿ ತೂಗೂದು ಯಾವುದರಲ್ಲಿ? ನಮ್ಮ ತಕ್ಕಡೀಲಿ ಕರು ನಿಲ್ಲಿಸ್ತೇವೆ."

ಹೌದಲ್ಲ! ಅಷ್ಟು ಸೂಕ್ಷ್ಮದ ತಕ್ಕಡಿ ಅಂಕೋಲೆಯಲ್ಲಿ ಇರುವುದು ಅಕ್ಕಸಾಲಿಗರ ಹತ್ತಿರ ಮಾತ್ರ.

ಹಾಗಾಗಿ ಆ ಸಂಜೆ, ಪೇಟೆ ತುಂಬ ಜನ ಓಡಾಡುವ ಹೊತ್ತಿನಲ್ಲಿ, ಹೊಸ ಡಾಕ್ಟರು ಮತ್ತು ಕೇಣಿಯ ಸುಮಿತ ಇಬ್ಬರೂ ದತ್ತಾ ಶೇಟರ ಬಂಗಾರದ ಅಂಗಡಿಯ ಮೆಟ್ಟಿಲು ಹತ್ತಿದರು. ಅರ್ಧ ತಾಸು ಒಳಗಿದ್ದರು. ನಗುತ್ತ ಹೊರಬಂದರು. ಸುಮಿತನ ಕೈಯಲ್ಲಿ ಗುಲಾಬಿ ಕಾಗದದ ಪುಟ್ಟ ಪೊಟ್ಟಣ.

ಗುಲಾಬಿ ಕಾಗದದೊಳಗೆ ಜಂತಿನ ಮದ್ದಿದೆ ಎಂದು ಯಾರಿಗಾದರೂ ಹೊಳೆದೀತೆ?

ವಾರ ಕಳೆಯುವುದರೊಳಗೆ ಮಲ್ಲಾಪುರದಿಂದ ಅವಳ ತಾಯಿ ಪರಮೇಶ್ವರಿಯ ಫೋನು ಬಂತು.

"ಕೂಸೆ, ಶೇಟರ ಅಂಗಡಿಗೆ ಹೋಗಿದ್ಯಡ, ಹೌದನೇ? ನಿನ್ನ ಜೊತಿಗೆ ಒಬ್ಬ ಹುಡ್ಗ ಇದ್ದಿದ್ನಡ."

"ಔಷಧ ತೂಗ್ಸಲೆ ಹೋಗಿದ್ದಿ ಆಯಿ."

"ಔಷಧನ ಬಂಗಾರದ ಅಂಗಡೀಲಿ ತೂಗ್ತ್ವ?"

ಏನು ಹೇಳುವುದು? ಹೇಳಿದಷ್ಟೂ ಕಥೆ ಕೆಡುತ್ತಿತ್ತು. ಚಿಕಿತ್ಸಾಲಯಕ್ಕೆ ಬಂದವರು ಆಡಿನ ಕಾಲಿಗಿಂತ ಹೆಚ್ಚಾಗಿ ಅವಳ ಬೆರಳನ್ನೇ ನೋಡುತ್ತಿದ್ದರು. ಜಟ್ಟಿ ಹಲ್ಲು ಕಿರಿದು, "ಮದುವೆ ಊಟ ಯಾವಾಗ ಬಾಯೋರೇ?" ಎಂದು ಕೇಳಿಯೂಬಿಟ್ಟ. ವಿಚಿತ್ರವೆಂದರೆ, ಅವಳಿಗೆ ಸಿಟ್ಟು ಬಂದಂತೆಯೂ ಆಗುತ್ತಿತ್ತು, ಒಳಗೊಳಗೇ ನಗು ಬಂದಂತೆಯೂ ಆಗುತ್ತಿತ್ತು. ಯಾವುದು ನಿಜ? ಅವಳಿಗೇ ತಿಳಿಯದು.

ಅದೇ ದಿನ ಸುಮಿತ ಬಂದ, ಓಡೋಡಿ ಬಂದವನಂತೆ.

"ಡಾಕ್ಟ್ರೇ, ಎರಡರ ಹೊಟ್ಟೆ ತುಂಬಿಕೊಂಡದೆ. ತಳದಲ್ಲಿ ಸಣ್ಣ ಸಣ್ಣ ಎಳೆ ಬಿದ್ದಿದ್ವು, ಎಲ್ಲಾ ಎಳೆದು ತೆಗೆದೆ. ಇನ್ನೊಂದು ವಾರಕ್ಕೆ ಎರಡನೇ ಸಲ ಅಲ್ದಾ? ಶೇಟರ ಅಂಗಡಿಗೆ ಎಷ್ಟು ಹೊತ್ತಿಗೆ ಬರ್ಲಿ?"

ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೈಶಾಲಿಯ ಕಿವಿ ಕೆಂಪಾಯಿತು. ಏನು ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ, ಮಾತ್ರೆಯ ಪಟ್ಟಿಯನ್ನೂ ತೂಕ ಬರೆದ ಚೀಟಿಯನ್ನೂ ಅವನ ಮುಂದೆ ತಳ್ಳಿದಳು.

"ಇದೇ ಅಳತೆ. ಇನ್ನು ನೀವೇ ಎಲ್ಲಾದರೂ ತೂಗಿಸಿಕೊಳ್ಳಿ. ಇಲ್ಲಿಗೆ ಬರಬೇಕೆಂದೇನೂ ಇಲ್ಲ."

ಅವನು ಎರಡನ್ನೂ ಕಿಸೆಗೆ ಹಾಕಿಕೊಂಡ. ಆಮೇಲೆ, "ಆತು ಡಾಕ್ಟ್ರೇ," ಎಂದು ಹೊರಟುಹೋದ.

ಅವತ್ತಿನಿಂದ ಸುದ್ದಿಯಿಲ್ಲ. ಮೊದಲು ಕಳಿಸುತ್ತಿದ್ದ ಮೀನಿನ ಫೋಟೋ ಇಲ್ಲ. ಒಂದು ಮಿಸ್ಡ್ ಕಾಲೂ ಇಲ್ಲ.

'ಯಾಕೆ ಬರಲಿಲ್ಲ?' ಎಂದು ಅವಳು ದಿನಕ್ಕೆ ಹತ್ತು ಸಲ ಕೇಳಿಕೊಂಡಳು. ಬರಬೇಡಿ ಎಂದವಳು ತಾನೇ ಎಂಬುದು ಮಾತ್ರ ಅವಳಿಗೆ ನೆನಪಾಗಲೇ ಇಲ್ಲ! ನಮ್ಮ ಡಾಕ್ಟರಿಗೆ ದನಕರುಗಳ ನಾಡಿ ಚೆನ್ನಾಗಿ ಸಿಗುತ್ತಿತ್ತು, ತನ್ನದು ಸಿಗುತ್ತಿರಲಿಲ್ಲ.

ಹದಿನಾಲ್ಕನೇ ದಿನವೂ ಕಳೆಯಿತು. ಹದಿನೈದನೇ ದಿನ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಮನುಷ್ಯನ ಮೇಲಿನ ಸಿಟ್ಟಿಗೆ ಮೀನು ಸಾಯಬಾರದಲ್ಲ? ಒಂದು ಮಾತ್ರೆ ಅರೆದುಕೊಂಡು ಒಬ್ಬಳೇ ದತ್ತಾ ಶೇಟರ ಅಂಗಡಿಗೆ ಹೋದಳು.

"ಸುಮಿತ ಇಲ್ಲಿಗೆ ತೂಗಿಸಲು ಬಂದಿದ್ದನೇ ಶೇಟರೇ?"

"ಇಲ್ಲ ಬಾಯೀ." ಶೇಟರು ಕನ್ನಡಕದ ಮೇಲಿನಿಂದ ನೋಡಿದರು. ಹೇಳಲೋ ಬೇಡವೋ ಎಂದು ತಡೆದು ಹೇಳಿದರು. "ನಿನ್ನೆ ಕಾರವಾರದಲ್ಲಿ ಕಂಡಿದ್ದೆ. ನಮ್ಮ ಸಂಬಂಧಿಕರ ಬಂಗಾರದ ಅಂಗಡಿಯಿಂದ ಹೊರಬರ್ತಿದ್ದ, ಪೊಟ್ಟಣ ಕಿಸೆಗೆ ಹಾಕಿಕೊಳ್ತಾ. ಕರೆದ್ರೂ ನಿಲ್ಲಲಿಲ್ಲ."

ಬಂಗಾರದ ಅಂಗಡಿ. ಪೊಟ್ಟಣ. ಕಾರವಾರ.

ಉಂಗುರ... ಕಾರವಾರದ ಯಾವುದೋ ಹುಡುಗಿಗೆ.

ವೈಶಾಲಿ ತಂದ ಪುಡಿಯನ್ನು ತೂಗಿಸಿಕೊಂಡು ಮೆಟ್ಟಿಲಿಳಿದಳು. ಆಗಲೇ ಅವಳಿಗೆ ಎಲ್ಲ ಅರ್ಥವಾದದ್ದು. ಅವನು ಬರುವ ದಿನ ತಾನೇಕೆ ಕನ್ನಡಿ ನೋಡಿಕೊಳ್ಳುತ್ತಿದ್ದೆ, ಜಟ್ಟಿಯ ಮಾತಿಗೆ ತನಗೇಕೆ ನಗು ಬರುತ್ತಿತ್ತು... ಅರ್ಥವಾಗುವಷ್ಟರಲ್ಲಿ ತಡವಾಗಿತ್ತು.

ಆದರೂ ಪೊಟ್ಟಣ ಹಿಡಿದು ಕೇಣಿಗೆ ಸ್ಕೂಟರ್ ತಿರುಗಿಸಿದಳು. 'ಡಾಕ್ಟರಾಗಿ ಹೋಗ್ತಿದ್ದೇನೆ, ಅಷ್ಟೇ,' ಎಂದು ತನಗೇ ಹೇಳಿಕೊಂಡಳು. ದಾರಿಯುದ್ದಕ್ಕೂ ಕಣ್ಣು ಮಂಜಾಗುತ್ತಿತ್ತು.

ಮನೆಯ ಜಗಲಿಯಲ್ಲಿ ಸುಮಿತನ ಅಪ್ಪ ತುಳಸಿದಾಸ ಬಲೆ ಹೊಲಿಯುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಬನ್ನಿ ಡಾಕ್ಟರ ಬಾಯೋರೇ. ಅವ ಒಳಗವ್ನೆ, ಆ ಬಟಾಣಿಗಳ ಹತ್ರ." ಆಮೇಲೆ ದನಿ ತಗ್ಗಿಸಿ ಕೇಳಿದ, "ನಮ್ಮನೆ ಚಾ ನಡೀತದಾ ನಿಮಗೆ?"

"ನಡೀತದೆ," ಎಂದಳು. ಅವನು ಚಹಾ ಇಡಲು ತಾನೇ ಅಡುಗೆಮನೆಗೆ ಹೋದ.

ಒಳಕೋಣೆಯಲ್ಲಿ ಗಾಜಿನ ತೊಟ್ಟಿಯ ಮೇಲೆ ಕಪ್ಪು ಬಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಸುಮಿತ ಅವಳನ್ನು ನೋಡಿ ತಟ್ಟನೆ ಎದ್ದುನಿಂತ.

ಅವಳ ಕಣ್ಣು ಆ ಕಪ್ಪು ಬಟ್ಟೆಯ ಮೇಲೆ ನಿಂತಿತು. "ಎಲ್ಲಾ... ಸತ್ತವಾ?"

"ಇಲ್ಲ ಇಲ್ಲ. ಎರಡನೇ ಸಲದ್ದು ಹಾಕಿ ಈಗಷ್ಟೇ ಮುಚ್ಚಿದೆ. ನಿನ್ನೆಯೇ ಹಾಕೂದಿತ್ತು, ರಾತ್ರಿ ದೋಣಿಗೆ ಹೋಗೂದು ಬಂತು. ಒಂದು ದಿನ ತಡ ಆತು."

"ಪುಡಿ ತೂಗಿಸಿದ್ದೆಲ್ಲಿ? ದತ್ತಾ ಶೇಟರ ಹತ್ತಿರ ಹೋಗಲೇ ಇಲ್ಲವಂತೆ."

ಅವನು ಕಿಸೆಗೆ ಕೈ ಹಾಕಿ ಮಡಿಸಿದ ಗುಲಾಬಿ ಕಾಗದವೊಂದನ್ನು ತೆಗೆದ. ಬಿಡಿಸಿದ. ಒಳಗೆ ಉಂಗುರವಿರಲಿಲ್ಲ. ಮಡಿಕೆಯಲ್ಲಿ ಬಿಳಿ ಪುಡಿಯ ಒಂದಿಷ್ಟು ಧೂಳು ಉಳಿದಿತ್ತು.

"ಕಾರವಾರದಲ್ಲಿ ತೂಗಿಸಿದೆ. ನೀವೇ ಹೇಳಿದ್ರಲ್ಲ, ಎಲ್ಲಾದ್ರೂ ತೂಗಿಸಿಕೊಳ್ಳಿ ಅಂತ. ಅಂಕೋಲೇಲಿ ಆದ್ರೆ ಮತ್ತೆ ನಿಮ್ಮ ಹೆಸರು ಬರ್ತಿತ್ತು."

ವೈಶಾಲಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತಳು.

"ನಾನು... ಉಂಗುರ ಅಂದುಕೊಂಡೆ."

"ಯಾರಿಗೆ?"

"ಯಾರಿಗೋ."

ಸುಮಿತ ಅವಳನ್ನೇ ನೋಡಿದ. "ಊರವರು ಹಾಗೆ ಅಂದುಕೊಂಡ್ರೆ ಸರಿ. ಬಂಗಾರದ ಅಂಗಡೀಲಿ ಮದ್ದು ತೂಗಿಸೂಕೆ ಕಲಿಸಿದವರೇ ನೀವು."

ಅವಳಿಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಒಂದು ವಾರದಿಂದ ನನಗೂ ತಿಂದದ್ದು ಮೈಗೆ ಹತ್ತಿಲ್ಲ," ಎಂದಳು. "ಯಾಕೆ ಬರಲಿಲ್ಲ ನೀವು?"

"ಬರಬೇಡಿ ಅಂದ್ರಿ. ಮತ್ತೆ..." ಅವನು ತಲೆ ತಗ್ಗಿಸಿದ. "ಜನ ಆಡಿಕೊಂಡದ್ದು ಕೇಳಿ ನನಗೆ ಖುಷಿ ಆಗಿತ್ತು ಡಾಕ್ಟ್ರೇ. ಅದಕ್ಕೇ ಹೆದರಿಕೆ ಆತು. ನಿಮ್ಮನೇಲಿ ಮೀನಿನ ಹೆಸರೂ ಎತ್ತೂದಿಲ್ಲ. ನಮ್ಮನೇಲಿ ಅದಿಲ್ಲದ ದಿನ ಇಲ್ಲ. ನಿಮ್ಮನ್ನ ಪ್ರೀತಿ ಮಾಡ್ತೆ ಅಂತ ಯಾವ ಬಾಯಲ್ಲಿ ಹೇಳೂದು?"

"ಈಗ ಹೇಳಿದ ಬಾಯಲ್ಲೇ."

ಅವನು ತಲೆ ಎತ್ತಿದ.

"ನಮ್ಮ ಆಯಿಗೆ ಹೇಳೋದು ಸುಲಭ ಅಲ್ಲ, ಸುಮಿತ. ಆದರೂ ಹೇಳ್ತೇನೆ. ಮತ್ತೆ ಡಾಕ್ಟ್ರೇ ಅನ್ನಬೇಡಿ. ವೈಶಾಲಿ ಅನ್ನಿ."

ನಾಚಿಕೆ ಮುಚ್ಚಿಕೊಳ್ಳಲು ತೊಟ್ಟಿಯತ್ತ ತಿರುಗಿ ಬಟ್ಟೆಯ ಅಂಚಿಗೆ ಕೈ ಹಾಕಿದಳು. ಅವನು ಥಟ್ಟನೆ ಆ ಕೈ ಹಿಡಿದ.

"ನಾಳೆ ಸಂಜೆವರೆಗೆ ಬೆಳಕು ಬೀಳಬಾರದು. ನೀವೇ ಹೇಳಿದ್ದು."

ಬಟ್ಟೆಯನ್ನು ಅವಳು ಬಿಟ್ಟಳು. ಕೈಯನ್ನು ಅವನು ಬಿಡಲಿಲ್ಲ. ಅವಳ ಇನ್ನೊಂದು ಕೈಯಲ್ಲಿ ತಂದ ಪೊಟ್ಟಣ ಹಾಗೇ ಇತ್ತು.

"ಇದನ್ನ ಮೂರನೇ ಸಲಕ್ಕೆ ಇಟ್ಟುಕೊಳ್ಳಲಾ?" ಎಂದು ಕೇಳಿದ ಸುಮಿತ.

"ಬೇಡ. ಹೊಸದಾಗಿ ತೂಗಿಸೋಣ."

"ಇದು ಹಾಳಾಗ್ತದಾ?"

"ಹಾಳಾಗೋದಿಲ್ಲ. ಆದರೂ ತೂಗಿಸೋಣ. ದತ್ತಾ ಶೇಟರ ಅಂಗಡಿಯಲ್ಲೇ, ಇಬ್ಬರೂ ಹೋಗಿ."

"ಜನ ನೋಡ್ತಾರೆ... ವೈಶಾಲಿ."

"ನೋಡಲಿ. ಶೇಟರು ಬೆರಳಿನ ಅಳತೆ ಕೇಳಿದರೆ ಕೊಟ್ಟೇ ಬರೋಣ."

ತುಳಸಿದಾಸ ತಂದ ಚಹಾ ಸಿಹಿ ವಿಪರೀತವಾಗಿತ್ತು. ಒಂದು ಹನಿಯೂ ಬಿಡದೆ ಕುಡಿದು ಅವಳು ಹೊರಟಳು. ಸ್ಕೂಟರಿನವರೆಗೆ ಸುಮಿತ ಜೊತೆಗೆ ಬಂದ.

"ನಾಳೆ ಸಂಜೆ ಬರ್ತೇನೆ," ಎಂದಳು.

"ಮೀನು ನೋಡೂಕಾ?"

"ಮೀನನ್ನೂ."