ವಾರಂಟಿಗೆ ಸೇರದ ದನಿ

ಕಪಾಟಿನ ಬೀಗ ಒಡೆದಿರಲಿಲ್ಲ. ಹದಿನೇಳನೇ ಖಾನೆ ಮಾತ್ರ ಖಾಲಿಯಾಗಿತ್ತು.

ಕರಾಕೋಲ್ ಪಟ್ಟಣದ ಬಜಾರಿನ ಎರಡನೇ ಸಾಲಿನಲ್ಲಿ ಎರ್ಮೆಕ್‌ನ ಫೋನ್ ದುರಸ್ತಿ ಅಂಗಡಿ. ಶುಕ್ರವಾರ ಬೆಳಿಗ್ಗೆ ಕಪಾಟು ತೆರೆದವನು ಮೂರು ಸಲ ತಡಕಾಡಿದ. ಆಮೇಲೆ ಪೊಲೀಸರಿಗೆ ತಿಳಿಸಿದ.

ಕ್ಯಾಪ್ಟನ್ ಬುರುಲ್ ಬಂದಾಗ ಗಿರಾಕಿಗಳ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಪ್ಪು ತಲೆವಸ್ತ್ರ. ಕೈಗಳೆರಡೂ ಮಡಿಲಲ್ಲಿ.

"ಏನೇನು ಹೋಗಿದೆ ತಮ್ಮಾ?"

"ಒಂದೇ ಫೋನು ಅಕ್ಕ. ಅದೂ ಸತ್ತಿರೋದು."

"ಪಕ್ಕದಲ್ಲೇ ಹೊಸವು ನಾಲ್ಕಿವೆ."

"ಅವನ್ನ ಮುಟ್ಟೇ ಇಲ್ಲ."

ಬುರುಲ್ ಬಗ್ಗಿ ಕಪಾಟಿನ ಹಿಡಿ ನೋಡಿದಳು. ಒಂದು ಜಿಡ್ಡು ಗುರುತು. ಬೆರಳು ತಾಗಿಸಿ ಮೂಸಿದಳು. ಕರಿದ ಎಣ್ಣೆ.

"ಇಲ್ಲೇ ಕೂತು ತಿಂತೀಯಾ?"

"ಉಂಟಾ? ಎಣ್ಣೆ ಕೈ ಪರದೆಗೆ ತಾಗಿದ್ರೆ ಕೆಲಸ ಕೆಟ್ಟ ಹಾಗೇ. ನಾನು ಊಟಕ್ಕೆ ಹೊರಗೇ ಹೋಗೋದು."

ಸ್ಟೂಲಿನ ಮೇಲಿದ್ದವಳು ಮೊದಲ ಬಾರಿಗೆ ಬಾಯಿ ತೆರೆದಳು. "ಫೋನು ಯಾರ ಪಾಲಿಗಾದ್ರೂ ಹೋಗ್ಲಿ ಮಗಳೇ. ಅದರೊಳಗೆ ನನ್ನ ಹುಡುಗಿ ದನಿ ಇದೆ. ಅದೊಂದು ಬೇಕು."

* * *

ಅವಳ ಹೆಸರು ಕಾಲ್ಬುಬು. ಮಗಳು ಆಯ್ಪೆರಿ ಮಾಸ್ಕೋದಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಹೋದ ವರ್ಷ ತಾಯಿಗೆ ಫೋನು ಕೊಡಿಸಿ, ಎರಡು ವರ್ಷದ ಹೆಚ್ಚುವರಿ ರಕ್ಷಣಾ ಯೋಜನೆಯನ್ನೂ ಮಾಡಿಸಿದ್ದಳು. ಶರತ್ಕಾಲದಲ್ಲಿ ಅವಳ ಎದೆಗೆ ಶೀತ ಇಳಿಯಿತು. ಶವಪೆಟ್ಟಿಗೆಯಲ್ಲಿ ಊರಿಗೆ ಬಂದಳು. ಅವಳ ಫೋನು ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ಉಳಿದದ್ದು ತಾಯಿಯ ಫೋನಿನಲ್ಲಿದ್ದ ನಲವತ್ಮೂರು ದನಿ ಸಂದೇಶಗಳು.

ಎರಡು ವಾರದ ಹಿಂದೆ ಆ ಫೋನು ಕೆಟ್ಟಿತು.

"ವಾರಂಟಿ ಇರಲಿಲ್ವಾ?" ಬುರುಲ್ ಕೇಳಿದಳು.

"ಕಂಪನಿ ವಾರಂಟಿ ಅವರ ತಪ್ಪಿಗೆ ಮಾತ್ರ ಅಕ್ಕ," ಎರ್ಮೆಕ್ ಹೇಳಿದ. "ಒಳಗೊಂದು ಬಿಳಿ ಚುಕ್ಕಿ ಇರುತ್ತೆ. ನೀರು ತಾಗಿದ್ರೆ ಕೆಂಪಾಗುತ್ತೆ. ಕೆಂಪಾಯ್ತು ಅಂದ್ರೆ ವಾರಂಟಿ ಮುಗೀತು. ಆದರೆ ಹುಡುಗಿ ಮಾಡಿಸಿದ್ದ ಯೋಜನೆ ಬೇರೆ. ಬಿದ್ದರೂ ಸೈ, ನೆನೆದರೂ ಸೈ. ನಾನೇ ಇಲ್ಲಿಂದ ಅರ್ಜಿ ಕಳಿಸಿದ್ದೆ, ಬದಲಿ ಫೋನು ಮಂಜೂರಾಯ್ತು."

"ಮತ್ತೇನು ತೊಂದರೆ?"

"ಬದಲಿ ಕೊಟ್ಟ ಮೇಲೆ ಹಳೇದು ಕಂಪನಿದು. ಇವತ್ತು ಎರಡು ಗಂಟೆಗೆ ಗಾಡಿ ಬರುತ್ತೆ. ರಾಜಧಾನಿಗೆ ಒಯ್ದು ಪುಡಿ ಮಾಡ್ತಾರೆ."

ಕಾಲ್ಬುಬು ನೆಲ ನೋಡುತ್ತಾ ಅಂದಳು, "ಹೊಸಾದನ್ನ ಬುಧವಾರ ಕೈಗೆ ಕೊಟ್ಟ. ತೆರೆದು ನೋಡಿದ್ರೆ ಖಾಲಿ. ನನ್ನ ಮಗಳೆಲ್ಲಿ ಅಂದೆ."

"ಯೋಜನೆ ಇರೋದು ಫೋನಿಗೆ. ಒಳಗಿರೋದಕ್ಕಲ್ಲ," ಎರ್ಮೆಕ್ ತಲೆ ತಗ್ಗಿಸಿದ. "ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ. ಇವರ ಮುಖ ನೋಡೋಕಾಗಲಿಲ್ಲ. ಒಣಗಿಸಿ ಒಂದ್ಸಲ ಎಬ್ಬಿಸಿ ನೋಡ್ತೀನಿ, ಗಾಡಿ ಬರೋ ಮುಂಚೆ ದನಿ ತೆಗೆದುಕೊಡ್ತೀನಿ ಅಂದಿದ್ದೆ."

* * *

ಪಕ್ಕದಂಗಡಿಯ ಸಾಗಿನ್ ಹಳೆಯ ಬಿಡಿಭಾಗ ಮಾರುವವನು. ಬುರುಲ್ ಅವನ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಸಿದಳು.

"ಅವನ ಸತ್ತ ಫೋನು ನನಗ್ಯಾಕೆ ಕ್ಯಾಪ್ಟನ್ ಅಕ್ಕ? ನನ್ನ ಅಂಗಡೀನೇ ಒಂದು ಸ್ಮಶಾನ. ಹೊಸ ಗೋರಿಗೆ ಜಾಗ ಇಲ್ಲ."

ಅದೇ ಮಾದರಿಯ ಫೋನೊಂದು ಸಿಕ್ಕಿತು. ಗುರುತಿನ ಸಂಖ್ಯೆ ಹೊಂದಲಿಲ್ಲ. ಸಾಗಿನ್ ಕೈ ನೋಡಿದಳು. ಒಣಗಿ ಬಿರಿದಿತ್ತು, ಎಣ್ಣೆಯ ಸುಳಿವಿಲ್ಲ.

ಹಿಂದಿರುಗಿ ಕಾಲ್ಬುಬುವಿನ ಎದುರು ಕೂತಳು. "ಬೇಸರ ಮಾಡ್ಕೋಬೇಡಿ ಅಕ್ಕ, ಕೇಳಲೇಬೇಕು. ನೀವು ತಗೊಂಡಿಲ್ಲ ತಾನೆ?"

"ತಗೊಂಡಿದ್ರೆ ಇಲ್ಲಿ ಕೂತು ಯಾರ ದಾರಿ ಕಾಯಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕೆಡಿಸಿದ್ದಂತೂ ನಾನೇ. ಪ್ರತಿ ಗುರುವಾರ ಅವಳ ಹೆಸರಲ್ಲಿ ಏಳು ರೊಟ್ಟಿ ಕರಿದು ಹಂಚ್ತೀವಿ. ಎಣ್ಣೆ ವಾಸನೆ ಮಗಳಿಗೆ ಮುಟ್ಟಲಿ ಅಂತ. ಅವಳೂ ಹತ್ತಿರ ಇರಲಿ ಅಂತ ಫೋನು ಬಾಣಲೆ ಪಕ್ಕಕ್ಕೇ ಒರಗಿಸಿ ದನಿ ಹಾಕ್ತಿದ್ದೆ. ಆ ಹಬೆ ಒಳಗೆ ಹೋಗಿ ಕೆಡಿಸ್ತು. ಇದ್ದ ಒಂದು ದನಿಗೂ ನಾನೇ ಮಣ್ಣು ಹಾಕಿದೆ."

"ಹಬೆ ತಾಗಿದ ತಕ್ಷಣ ಕೆಟ್ಟಿತಾ?"

"ಇಲ್ಲ. ಮಾರನೇ ದಿನ ಚೆನ್ನಾಗೇ ಇತ್ತು. ಅವತ್ತು ನಮ್ಮೆಜಮಾನ್ರು ಮರೆತು ಜೇಬಲ್ಲಿ ಹಾಕ್ಕೊಂಡು ಕೆಲಸಕ್ಕೆ ಹೋಗಿದ್ರು. ಸಂಜೆ ತಂದು ಕೊಟ್ಟಾಗ ಸತ್ತಿತ್ತು."

ಬುರುಲ್ ಎರ್ಮೆಕ್‌ನಿಂದ ಯೋಜನೆಯ ಅರ್ಜಿ ತೆಗೆಸಿದಳು. ಕಾಲ್ಬುಬು ಓದಲಾರದ ರಷ್ಯನ್ ಭಾಷೆಯಲ್ಲಿ, ಗಂಡಸಿನ ಕೈಬರಹ. 'ಮನೆಯ ಬಕೆಟ್ಟಿಗೆ ಬಿದ್ದಿದೆ.' ಕೆಳಗೆ ಎರಡು ಚೌಕ: ದುರಸ್ತಿ, ಬದಲಿ. ಎರಡನೆಯದಕ್ಕೆ ಗುರುತು ಬಿದ್ದಿತ್ತು.

"ಎರ್ಮೆಕ್, ನೀನು ಬಿಚ್ಚಿದಾಗ ಒಳಗೆ ಎಣ್ಣೆ ಇತ್ತಾ?"

"ಇರಲಿಲ್ಲ. ಬಿಳೀ ಉಪ್ಪು ಕಟ್ಟಿತ್ತು. ಸಣ್ಣ ಮರಳೂ ಇತ್ತು. ಯೋಜನೆಗೆ ಯಾವ ನೀರಾದ್ರೇನು ಅಂತ ನಾನು ಬರೀಲಿಲ್ಲ."

ಕರಾಕೋಲಿನ ನಲ್ಲಿಗಳಲ್ಲಿ ಬರುವುದು ಹಿಮ ಕರಗಿದ ನೀರು. ಅದು ಉಪ್ಪು ಬಿಡುವುದಿಲ್ಲ. ಉಪ್ಪು ಬಿಡುವ ನೀರು ಹತ್ತಿರದಲ್ಲಿರುವುದು ಒಂದೇ ಕಡೆ: ಇಸಿಕ್‌ಕುಲ್ ಸರೋವರ.

"ನಿಮ್ಮವರ ಕೆಲಸ ಎಲ್ಲಿ ಅಕ್ಕ?"

"ದೋಣಿಕಟ್ಟೆಯಲ್ಲಿ."

ಬುರುಲ್ ಎರ್ಮೆಕ್‌ನ ಕಡೆ ತಿರುಗಿದಳು. "ನಿನ್ನೆ ಗುರುವಾರ. ಸಂಜೆ ಇಲ್ಲಿಗೆ ರೊಟ್ಟಿ ತಂದುಕೊಟ್ಟೋರು ಯಾರು?"

ಎರ್ಮೆಕ್ ತಡೆದು ತಡೆದು ಹೇಳಿದ. "ಜಾಪರಣ್ಣ. ಇವರ ಯಜಮಾನ್ರು. ಸತ್ತವರ ಹೆಸರಿನ ರೊಟ್ಟಿ, ಬೇಡ ಅನ್ನೋಕಾಗುತ್ತಾ?"

"ಕಪಾಟು?"

"ತೆರೆದಿತ್ತು. ಅವರು ಪ್ರಾರ್ಥನೆ ಹೇಳಿದ್ರು. ನಾನು ಕೈ ಒಡ್ಡಿ ಕಣ್ಣು ಮುಚ್ಚಿದೆ." ಖಾಲಿ ಖಾನೆಯ ಕಡೆ ನೋಡಿದ. "ಮಗಳಿಗಾಗಿ ಪ್ರಾರ್ಥಿಸೋ ಅಪ್ಪನನ್ನ ಕಣ್ಣು ತೆರೆದು ಕಾಯೋದು ಹೇಗೆ ಅಕ್ಕ?"

ಕಾಲ್ಬುಬು ಎದ್ದು ನಿಂತಳು. ತಲೆವಸ್ತ್ರ ಸರಿಮಾಡಿಕೊಂಡಳು. "ನಾನೂ ಬರ್ತೀನಿ," ಅಂದಳು.

* * *

ದೋಣಿಕಟ್ಟೆಯಲ್ಲಿ ಮಗುಚಿ ಹಾಕಿದ ದೋಣಿಗೆ ಜಾಪರ್ ಡಾಂಬರು ಬಳಿಯುತ್ತಿದ್ದ. ಕಾರಿನಿಂದ ಹೆಂಡತಿ ಇಳಿದದ್ದು ಕಂಡು ಅವನ ಕುಂಚ ನಿಂತಿತು.

"ಜಾಪರಣ್ಣ," ಬುರುಲ್ ಮೆಲ್ಲಗೆ ಹೇಳಿದಳು. "ಬೇರೆ ಕಳ್ಳ ಆಗಿದ್ರೆ ಹೊಸ ಫೋನು ಒಯ್ತಿದ್ದ. ಈ ಸತ್ತ ಫೋನು ಬೇಕಾಗಿದ್ದು ಇಬ್ಬರಿಗೇ. ಅದು ಮಾತಾಡಲಿ ಅನ್ನೋರಿಗೆ, ಮಾತಾಡದಿರಲಿ ಅನ್ನೋರಿಗೆ. ಮೊದಲನೆಯವರು ಬೆಳಿಗ್ಗೆಯಿಂದ ಸ್ಟೂಲಿನ ಮೇಲೆ ಕಾದಿದ್ದಾರೆ. ಒಳಗಿದ್ದ ಉಪ್ಪು ಈ ಸರೋವರದ್ದು. ಅರ್ಜಿಯಲ್ಲಿ ಬಕೆಟ್ಟು ಅಂತ ಬರೆದಿದ್ದು ನೀವು. ಬದಲಿ ಫೋನು ಬಂದ್ರೆ ಹಳೇದು ಪುಡಿಯಾಗುತ್ತೆ ಅಂತ ಓದಿ ತಿಳಿದಿದ್ರಿ. ಅದಕ್ಕೇ ಆ ಚೌಕಕ್ಕೆ ಗುರುತು ಹಾಕಿದ್ರಿ. ಎರ್ಮೆಕ್ ದನಿ ತೆಗೀತೀನಿ ಅಂದಾಗ ಲೆಕ್ಕ ತಪ್ಪಿತು. ಕಪಾಟಿನ ಹಿಡಿಗೆ ಅಂಟಿರೋದು ರೊಟ್ಟಿ ಹಂಚಿದ ಕೈಯ ಎಣ್ಣೆ."

ಜಾಪರ್ ಅಲ್ಲಗಳೆಯಲಿಲ್ಲ. ಮಾತಾಡಿದ್ದು ಹೆಂಡತಿಯ ಜೊತೆ.

"ಬೆಳಿಗ್ಗೆ ಹಾಕ್ತೀಯ, ಸಂಜೆ ಹಾಕ್ತೀಯ. ಕೇಳಿ ಕೇಳಿ ಅಳ್ತೀಯ. ಬದುಕಿರೋರ ಕಣ್ಣೀರು ಸತ್ತವರ ಕೆಳಗೆ ನೀರಾಗಿ ನಿಲ್ಲುತ್ತೆ ಅಂತ ನಮ್ಮವ್ವ ಹೇಳ್ತಿದ್ಳು. ಎದೆಗೆ ಶೀತ ಆಗಿ ಹೋದ ಹುಡುಗಿ ಕಣೇ. ಮಣ್ಣಲ್ಲೂ ನೆನೀತಾ ಮಲಗಿದ್ದಾಳೆ ಅನ್ನಿಸ್ತು. ನನಗೆ ನಿದ್ದೆ ಬರ್ತಿರಲಿಲ್ಲ."

"ನಾನು ಎರಡು ವಾರದಿಂದ ಹೆದರಿ ಹೆದರಿ ಬಾಣಲೆ ಮುಟ್ತಿದ್ದೆ," ಕಾಲ್ಬುಬು ಅಂದಳು. "ನಾನೇ ಕೊಂದೆ ಅಂದ್ಕೊಂಡಿದ್ದೆ. ನೀನು ಎದುರಿಗೇ ಕೂತು ಚಹಾ ಕುಡೀತಿದ್ದೆ. ಹೇಳಲಿಲ್ಲ."

ಅವನು ಕೋಟಿನ ಒಳಜೇಬಿಗೆ ಕೈ ಹಾಕಿದ. ಫೋನು ಹೊರಬಂತು. "ಬೆಳಿಗ್ಗೆ ನೀರಿಗೆ ಎಸೀಬೇಕು ಅಂತ ಕಟ್ಟೆ ತುದಿಗೆ ಹೋದೆ. ಕೈ ಬರಲಿಲ್ಲ."

* * *

ಒಂದೂವರೆಗೆ ಎರ್ಮೆಕ್ ಫೋನಿನ ಹೊಟ್ಟೆ ಬಿಚ್ಚಿದ. ಕುಂಚದಿಂದ ಉಪ್ಪು ಕೆರೆದ. ತಂತಿ ಹಾಕಿ ಕಾಲ್ಬುಬುವಿನ ಹೊಸ ಫೋನಿಗೆ ಸೇರಿಸಿದ. ಹಳೆಯದರ ಪರದೆ ಒಮ್ಮೆ ಬೆಳಗಿತು, ನಡುಗಿತು, ಆರಿತು. ಮತ್ತೆ ಏಳಲಿಲ್ಲ.

"ನಲವತ್ಮೂರರಲ್ಲಿ ಒಂದು ಬಂದಿದೆ," ಅವನು ಕಣ್ಣೊರೆಸಿಕೊಂಡ. "ಅದೂ ಪೂರ್ತಿ ಇಲ್ಲ. ಮೊದಲ ಒಂಬತ್ತು ಸೆಕೆಂಡು. ಮಾತೇನೂ ಇಲ್ಲ ಅಮ್ಮಾ."

"ಹಾಕು."

ಹೊಲಿಗೆ ಯಂತ್ರಗಳ ಸದ್ದು. ದೂರದಲ್ಲಿ ಯಾರೋ ನಕ್ಕರು. ಒಂದು ಯಂತ್ರ ನಿಂತಿತು. ಯಾರೋ ಫೋನಿನ ಹತ್ತಿರ ಬಂದು ಉಸಿರೆಳೆದುಕೊಂಡರು. ಅಷ್ಟೇ.

"ಅವಳೇ," ಕಾಲ್ಬುಬು ಅಂದಳು. "ಮಾತು ಶುರುಮಾಡೋ ಮುಂಚೆ ಹೀಗೇ ಉಸಿರೆಳೀತಾಳೆ. ಈಗ ಅಮ್ಮಾ ಅಂತಾಳೆ."

ಹೊರಗೆ ಕಂಪನಿಯ ಗಾಡಿ ಹಾರನ್ ಹೊಡೆಯಿತು. ಎರ್ಮೆಕ್ ಹಳೆಯ ಫೋನನ್ನು ಹದಿನೇಳನೇ ಖಾನೆಯ ಚೀಲಕ್ಕೆ ಹಾಕಿ ಮುದ್ರೆ ಒತ್ತಿ ಕೊಟ್ಟುಬಂದ. ಬುರುಲ್ ದೂರಿನ ಹಾಳೆಯಲ್ಲಿ 'ವಸ್ತು ಸಿಕ್ಕಿದೆ, ದೂರು ಹಿಂತೆಗೆದುಕೊಳ್ಳಲಾಗಿದೆ' ಎಂದು ಬರೆದು ಎರ್ಮೆಕ್‌ನ ಸಹಿಗೆ ಚಾಚಿದಳು. ಅವನು ಓದದೆ ಸಹಿ ಮಾಡಿದ.

ಜಾಪರ್ ಬಾಗಿಲ ಹತ್ತಿರ, ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಹೆಂಡತಿ ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವನೇ ಒಂದು ಹೆಜ್ಜೆ ಒಳಗಿಟ್ಟ.

"ಇನ್ನೊಂದ್ಸಲ ಹಾಕೇ," ಅಂದ. "ನಾನು ದಿನಾ ಎದ್ದು ಅಂಗಳಕ್ಕೆ ಹೋಗಿಬಿಡ್ತಿದ್ದೆ. ಒಂದನ್ನೂ ಕೇಳಿರಲಿಲ್ಲ."

ಕಾಲ್ಬುಬು ಸ್ಟೂಲಿನ ಅಂಚಿಗೆ ಸರಿದು ಜಾಗ ಬಿಟ್ಟಳು.